ಹಿಂದಿನ ಗಾಲಿಯವನು

ಮುಂದೆ ಹರ್ಬೀರ, ಹಿಂದೆ ನಾನು.
ನಡುವೆ ಅರವತ್ತೆರಡು ಮೀಟರು ಬಿಳುಪು.
ಅವನು ತಿರುಗಿಸುವಾಗ ನಾನು ತಿರುಗಿಸಬಾರದು,
ಅವನು ನೆಟ್ಟಗಾದ ಮೇಲೆ ನನ್ನ ತಿರುವು ಶುರು.
ಮೂರು ವರ್ಷದಿಂದ ಒಂದೇ ಗಾಡಿ ಓಡಿಸುತ್ತೇವೆ,
ಓಡುವಾಗ ಒಬ್ಬರ ಮುಖ ಒಬ್ಬರು ಕಂಡಿಲ್ಲ.
ವಾಕಿಟಾಕಿಯಲ್ಲಿ ಅವನ ಕೆಮ್ಮು ಬರುತ್ತದೆ,
ಅದು ಕುಲುಕಿದರೆ ಮುಂದೆ ತಗ್ಗು ಇದೆ ಎಂದು ಅರ್ಥ.

ಮುರಗಾಂವ್ ಬಂದರಿಗೆ ಇದು ಬಂದದ್ದು
ಹಡಗಿನ ಬೆನ್ನ ಮೇಲೆ ಮಲಗಿ, ಸರಪಳಿ ಬಿಗಿಸಿಕೊಂಡು.
ಕ್ರೇನಿನವರು ಇಳಿಸಿದ ಬೆಳಿಗ್ಗೆ
ಅದಿರಿನ ಕೆಂಪು ಧೂಳಿನ ಕಟ್ಟೆಯ ಮೇಲೆ
ಯಾರೋ ಚಾದರ ಒಣಹಾಕಿ ಮರೆತ ಹಾಗಿತ್ತು.
ಬೈನಾದ ಹುಡುಗರು ಬೇಲಿಗೆ ಮೂಗು ಒತ್ತಿ
ಮೀನಿನ ಎಲುಬು ಅಂದರು. ಒಬ್ಬ, ಅಲ್ಲ, ರೆಕ್ಕೆ ಅಂದ.
ಚೀಟಿಯಲ್ಲಿ ಎರಡೂ ಇರಲಿಲ್ಲ.
ಹದಿನಾರು ಟನ್ನು. ಮಡಚಬಾರದು.

ಹಗಲು ನಮಗೆ ರಸ್ತೆಯಿಲ್ಲ.
ರಾತ್ರಿ ಹನ್ನೊಂದಕ್ಕೆ ಪೊಲೀಸರ ಸೀಟಿ.
ಯಮನೂರಪ್ಪ ಬಿದಿರು ಹಿಡಿದು ಮುಂದೆ ನಡೆಯುತ್ತಾನೆ,
ಕರೆಂಟಿನ ತಂತಿ ಎತ್ತಿ ಹಿಡಿಯುತ್ತಾನೆ,
ಬಟ್ಟೆ ಒಣಹಾಕಿದ ಹಗ್ಗದಡಿ
ಅವ್ವನನ್ನು ದಾಟಿಸುವ ಹಾಗೆ.
ಲೈನ್‌ಮನ್ ಶಾಣು ಗಾವಡೆ ಫ್ಯೂಜು ಕಿತ್ತಲ್ಲೆಲ್ಲ
ಮೊದಲು ಫ್ಯಾನು ಸುಮ್ಮನಾಗುತ್ತವೆ,
ಆಮೇಲೆ ಯಾಕೋ ನಾಯಿಗಳು.
ಜನ ಹೊರಗೆ ಬಂದು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ
ತಮ್ಮ ಕರೆಂಟು ತೆಗೆಸಿ
ಯಾರದೋ ಕರೆಂಟು ಹೋಗುವುದನ್ನು ನೋಡುತ್ತಾರೆ.

ಬೋರಿ ಸೇತುವೆಯ ಬಾಯಲ್ಲಿ ನಿಂತೆವು.
ಹೊಳೆಯಿಂದ ಗಾಳಿ ಎದ್ದಿತ್ತು.
ಗಾಳಿಗೆಂದೇ ಹೆರೆದ ಮೈ ಇದು, ಒಳಗೆಲ್ಲ ಹಗುರ ಮರ,
ಬೆರಳು ತಾಕಿದರೆ ಸಾಕು, ಹೊರಳಲು ನೋಡುತ್ತದೆ.
ಪಟ್ಟಿಗಳು ಕಿರ್ರೆಂದವು.
ತಡಿ, ನಿನ್ನ ಊರು ಇನ್ನೂ ಬಂದಿಲ್ಲ ಅಂದೆ ಅದಕ್ಕೆ.
ನಗಬೇಡಿ,
ಹಿಂದಿನ ಕ್ಯಾಬಿನ್ನಿನಲ್ಲಿ ಮಾತಿಗೆ ಬೇರೆ ಯಾರಿದ್ದಾರೆ?
ಎರಡು ತಾಸು ಹಾಗೇ.
ಹರ್ಬೀರ ವಾಕಿಟಾಕಿ ಬಂದ್ ಮಾಡದೆ ಪರೋಟ ಅಗಿದ,
ಉಪ್ಪಿನಕಾಯಿ ಚಪ್ಪರಿಸಿದ್ದೂ ಕೇಳಿಸಿತು.

ಫೋಂಡೆ ದಾಟಿದ ಮೇಲೆ ಒಂದು ತಿರುವು.
ರಸ್ತೆ ಅಳೆಯಲು ಬಂದವರಿಗೆ ಅಲ್ಲಿ ಮನೆ ಕಾಣಲಿಲ್ಲವೋ,
ಊಟ ಮಾಡಿ ಬಂದು ಅಳೆದರೋ.
ಎಸ್ಪೆರಾನ್ಸಾ ಮಾಯ್‌ಯ ಬಲ್ಕಾಂವ್,
ಕೆಂಪು ಸಿಮೆಂಟಿನ ಎರಡು ಕಟ್ಟೆ ಎದುರಾ ಬದುರಾ.
ಒಂದನ್ನು ಒಡೆಯುತ್ತೇವೆ, ನಾಳೆಯೇ ಕಟ್ಟಿಕೊಡುತ್ತೇವೆ
ಎಂದು ಗುತ್ತಿಗೆದಾರ ನೋಟಿನ ಕಂತೆ ತೋರಿಸಿದ.
ಆಕೆ ಕಂತೆಯನ್ನು ನೋಡಲಿಲ್ಲ.
ನೈಟಿಯ ಮೇಲೆ ಗಂಡನ ಶರಟು ಹಾಕಿಕೊಂಡು ಇಳಿದು ಬಂದು
ತುದಿಗೆ ನಾವು ಕಟ್ಟಿದ್ದ ಕೆಂಪು ಬಟ್ಟೆ ಸರಿಸಿ
ಗೇಣು ಹಾಕಿದಳು. ಹೋಗಿ ಕಟ್ಟೆಗೂ ಗೇಣು ಹಾಕಿದಳು.
ಹೋಗುತ್ತದೆ ಅಂದಳು. ಸವಕಾಸ.

ಸವಕಾಸ. ನಮ್ಮಲ್ಲಿ ಸಾವಕಾಶ.
ಹರ್ಬೀರನಿಗೆ ಎರಡೂ ಭಾಷೆ ಬಾರದು,
ವಾಕಿಟಾಕಿಯಲ್ಲಿ ಹೇಳಿದೆ, ಅಚ್ಛಾ ಅಂದ.
ಆಕೆ ನನ್ನ ಕಿಟಕಿಯ ಪಕ್ಕ ಟಾರ್ಚು ಹಿಡಿದು ನಿಂತು
ಎರಡು ಬೆರಳು ತೋರಿಸಿದಳು,
ಒಂದು,
ಅರ್ಧ,
ಆಮೇಲೆ ಅಂಗೈ.
ನಾನು ಉಸಿರು ಬಿಟ್ಟರೆ ಗಾಲಿ ಸರಿದೀತೆಂದು ಬಿಡಲಿಲ್ಲ.
ಒಂದು ಗಾಡಿಯುದ್ದ ಹೋಗಲು ನಲವತ್ತು ನಿಮಿಷ.
ಕಟ್ಟೆಯ ಮೇಲೆ ತುದಿ ಹಾದುಹೋಗುವಾಗ
ಅಲ್ಲಿ ಮಲಗಿದ್ದ ಬೆಕ್ಕು
ಕಿವಿಯಷ್ಟೇ ಮಡಚಿತು.

ಮೊಲೆಂನಲ್ಲಿ ಬೆಳಗಾಯಿತು. ಮುಂದೆ ಘಾಟಿ,
ಕತ್ತಲಾಗುವವರೆಗೆ ಕಾಯಬೇಕು.
ಹರ್ಬೀರ ಇಳಿದು ಹಿಂದಕ್ಕೆ ಬಂದ.
ಅರವತ್ತೆರಡು ಮೀಟರು ನಡೆಯಲು
ಮನುಷ್ಯನಿಗೆ ಒಂದು ನಿಮಿಷವೂ ಬೇಡ.
ಗಡ್ಡದಲ್ಲಿ ಹೊಸ ಬಿಳಿ ಕಂಡಿತು, ನಾನೇನೂ ಅನ್ನಲಿಲ್ಲ.
ಕಟ್ಟೆ ಉಳಿಯಿತಾ ಎಂದು ಕೇಳಿದ.
ಅವನು ದಾಟಿದ್ದು ಅವನಿಗೆ ಗೊತ್ತಾಗುವುದು ನನ್ನ ಬಾಯಿಂದಲೇ.
ಉಳಿಯಿತು ಅಂದೆ.
ತುದಿಯ ಕೆಂಪು ಬಟ್ಟೆ ಮಾತ್ರ ಎಲ್ಲೋ ಬಿದ್ದುಹೋಗಿತ್ತು.
ಯಮನೂರಪ್ಪ ತನ್ನ ಟವೆಲು ಕಟ್ಟುತ್ತಿದ್ದ, ಹಳದಿ ಚೌಕಡಿಯದು.
ಕೆಂಪೇ ಬೇಕಲ್ಲೋ ಅಂದರೆ, ನಡೀತೈತಿ ಬಿಡ್ರಿ ಅಂದ.
ಗಂಟು ಬಿಗಿಯುವ ಮೊದಲೇ
ಅದು ಆಡತೊಡಗಿತ್ತು.